ಹೈಫಾ ರಸ್ತೆಯಲ್ಲಿ ನಿಂತ ಕಾರುಗಳು

ಮೈಸೂರು ಲ್ಯಾನ್ಸರ್ಸ್ ಎಂದ ಕೂಡಲೇ ನಮ್ಮ ಕಡೆ ಹೇಳುವ ಕಥೆ ಒಂದೇ. 1918ರ ಸೆಪ್ಟೆಂಬರ್ 23ರಂದು ಈಟಿ ಹಿಡಿದ ಸವಾರರು ಮೆಷಿನ್ ಗನ್ನುಗಳ ಬಾಯಿಗೇ ಕುದುರೆ ನುಗ್ಗಿಸಿ ತುರ್ಕರ ಕೈಯಿಂದ ಹೈಫಾ ಗೆದ್ದರು. ಕೇಳಲು ಸೊಗಸಾಗಿದೆ. ಅದರ ಹಿಂದಿನ ದಿನ ಏನಾಯಿತೆಂದು ಮಾತ್ರ ಯಾರೂ ಹೇಳುವುದಿಲ್ಲ. 22ರಂದು ಬ್ರಿಟಿಷರು ಅದೇ ಊರು ಹಿಡಿಯಲು ಉಕ್ಕಿನ ಕವಚದ ಕಾರುಗಳನ್ನು ಕಳಿಸಿದ್ದರು. ಎದುರಿನ ತೋಪು ಮತ್ತು ಮೆಷಿನ್ ಗನ್ನುಗಳ ಹೊಡೆತ ತಡೆಯಲಾರದೆ ಅವು ಊರ ಹೊರಗೇ ನಿಂತು ಹಿಂದಿರುಗಿದವು. ಕವಚವಿದ್ದ ಕಾರಿಗೆ ಆಗದ ಕೆಲಸ ಬರೀ ಮೈಯ ಕುದುರೆಗೆ ಮರುದಿನ ಹೇಗೆ ಸಾಧ್ಯವಾಯಿತು? ಹಗುರ ಕವಚ ವಾಹನಗಳ ಬಗ್ಗೆ ಇವತ್ತು ನಡೆಯುವ ಚರ್ಚೆಗೂ ಇದೇ ಪ್ರಶ್ನೆ ಮೂಲವಾಗಬೇಕು ಎಂಬುದು ನನ್ನ ವಾದ.

ಕಾರುಗಳು ರಸ್ತೆಗೆ ಅಂಟಿಕೊಂಡು ನೇರ ಹೋದವು. 23ರಂದು ಹಾಗಾಗಲಿಲ್ಲ. ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ತೋಪುಗಳ ಮೇಲೆ ಬಿತ್ತು. ಬ್ರಿಟಿಷರ ಶೆರ್ವುಡ್ ರೇಂಜರ್ಸ್ ಸವಾರರು ಅದಕ್ಕೆ ಬೆಂಬಲವಾಗಿ ಹೋದರು. ಕೆಳಗೆ ಬ್ರಿಟಿಷ್ ಬ್ಯಾಟರಿಯೊಂದು ಶತ್ರುವಿನ ನೆಲೆಗಳ ಮೇಲೆ ಗುಂಡು ಸುರಿಸುತ್ತಿತ್ತು. ಇಷ್ಟಾದ ಮೇಲೆ, ಮಧ್ಯಾಹ್ನ ಎರಡರ ಹೊತ್ತಿಗೆ, ಜೊತೆಗಿದ್ದ ಜೋಧಪುರ ದಳದ ಸವಾರರು ನುಗ್ಗಿದರು. ಕಿಶೋನ್ ಹೊಳೆಯ ದಡದ ಹೂಳಿನಲ್ಲಿ ಮುಂದಿನ ಕುದುರೆಗಳು ಹೂತುಹೋದಾಗ ಉಳಿದವರು ಎಡಕ್ಕೆ ತಿರುಗಿ, ಬೆಟ್ಟದ ಬುಡದಲ್ಲಿದ್ದ ಮೆಷಿನ್ ಗನ್ನುಗಳನ್ನು ತುಳಿದು ಊರೊಳಗೆ ಹೋದರು. ಅವರ ಮುಂದಾಳು ಮೇಜರ್ ದಳಪತ್ ಸಿಂಗ್ ಬಿದ್ದರು. ಒಟ್ಟು ಎಂಟು ಜನ ಸತ್ತರು, 34 ಮಂದಿ ಗಾಯಗೊಂಡರು. ಸೆರೆ ಸಿಕ್ಕವರು ಸಾವಿರದ ಮುನ್ನೂರಕ್ಕೂ ಹೆಚ್ಚು. ಈಟಿಯ ಪರಾಕ್ರಮ ದೊಡ್ಡದು, ಒಪ್ಪೋಣ. ಆದರೆ ಗನ್ನಿನ ಬಾಯಿ ಮೊದಲು ಬೇರೆ ಕಡೆ ತಿರುಗಿತ್ತು.

ಅಂದಿನ ಮೆಷಿನ್ ಗನ್ ಹಾರಿಸುತ್ತಿದ್ದದ್ದು ಬಂದೂಕಿನ ಗುಂಡನ್ನೇ, ಎಂಟೊಂಬತ್ತು ಮಿಲಿಮೀಟರಿನ ಉಕ್ಕು ಅದನ್ನು ತಡೆಯುತ್ತಿತ್ತು, ಕಾರುಗಳನ್ನು ನಿಲ್ಲಿಸಿದ್ದರಲ್ಲಿ ತೋಪಿನ ಪಾಲೇ ದೊಡ್ಡದು ಎಂದು ಯಾರಾದರೂ ಆಕ್ಷೇಪಿಸಬಹುದು. ಸರಿಯಾದ ಮಾತು. ಆದರೆ ಅಂಥ ಕವಚವನ್ನು ತೂತು ಮಾಡಲೆಂದು ಆ ಯುದ್ಧದ ಕೊನೆಯ ವರ್ಷಗಳಲ್ಲೇ ಭಾರಿ ಮೆಷಿನ್ ಗನ್ನಿನ ಕೆಲಸ ಶುರುವಾಯಿತು. ಜರ್ಮನರು 13.2 ಮಿ.ಮೀ. ಗುಂಡು ತಂದರು, ಅಮೆರಿಕದ ಜನರಲ್ ಪರ್ಶಿಂಗ್ ಕೇಳಿದ್ದಕ್ಕೆ ಬಂದೂಕು ವಿನ್ಯಾಸಕ ಬ್ರೌನಿಂಗ್ 12.7ರ ಗನ್ ರೂಪಿಸತೊಡಗಿದ. ಸಾಮಾನ್ಯ 7.62ರ ಗುಂಡಿನ ಶಕ್ತಿ ಮೂರು ಸಾವಿರ ಜೂಲ್ ಚಿಲ್ಲರೆ, ಸೋವಿಯತ್ ಮಾದರಿಯ 12.7ರದ್ದು ಹದಿನೇಳು ಸಾವಿರದ ಸುಮಾರು, 14.5ರದ್ದು ಮೂವತ್ತು ಸಾವಿರ ದಾಟುತ್ತದೆ. 12.7ರ ಕವಚಭೇದಕ ಗುಂಡು ನೂರು ಮೀಟರಿನಲ್ಲಿ ಸುಮಾರು 20 ಮಿ.ಮೀ. ಉಕ್ಕು ತೂರುತ್ತದೆ. ಸೋವಿಯತ್ತಿನ ಬಿಟಿಆರ್-60 ವಾಹನದ ಪಕ್ಕದ ತಗಡು ಬರೀ ಏಳು ಮಿ.ಮೀ. ಇಂಥ ಗನ್ ಅಪರೂಪದ್ದೂ ಅಲ್ಲ. ಸೋವಿಯತ್ ಮೂಲದ 12.7ರ ಎನ್‌ಎಸ್‌ವಿ ನಮ್ಮ ತಿರುಚಿರಾಪಳ್ಳಿಯ ಕಾರ್ಖಾನೆಯಲ್ಲೇ ತಯಾರಾಗುತ್ತದೆ.

ಹಾಗಾದರೆ ತಗಡು ದಪ್ಪ ಮಾಡಿ ಎಂಬ ಸಲಹೆ ಥಟ್ಟನೆ ಬರುತ್ತದೆ. ಹತ್ತು ಮಿ.ಮೀ. ಉಕ್ಕು ಚದರ ಮೀಟರಿಗೆ 78 ಕಿಲೋ. ಮೂವತ್ತು ಚದರ ಮೀಟರ್ ಮೈಯ ಗಾಡಿಗೆ ಇನ್ನೊಂದು ಹತ್ತು ಮಿ.ಮೀ. ಹೊದಿಸಿದರೆ ಎರಡೂಕಾಲು ಟನ್ನಿಗೂ ಹೆಚ್ಚು ಭಾರ. ಕೆ.ಆರ್. ನಗರದ ನಾಲೆ ಏರಿಯ ಮೇಲೆ ಭತ್ತದ ಲೋಡಿನ ಲಾರಿ ಮಳೆಗಾಲದಲ್ಲಿ ಹೂತುಕೊಳ್ಳುವುದನ್ನು ಕಂಡವರಿಗೆ ಈ ಟನ್ನುಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹುಣಸೂರಿಗಂತೂ ಇದು ಹಳೆಯ ಲೆಕ್ಕ: ಹತ್ತೊಂಬತ್ತನೇ ಶತಮಾನದಲ್ಲಿ ತೋಪೆಳೆಯುವ ಅಮೃತಮಹಲ್ ರಾಸುಗಳ ಕೇಂದ್ರ ಅಲ್ಲಿತ್ತು. ಆ ಎತ್ತುಗಳು ಹೆಸರು ಮಾಡಿದ್ದು ಮೈಕಟ್ಟಿಗಿಂತ ನಡೆಯ ವೇಗಕ್ಕೆ. ಭಾರ ಹೇರಿ ವೇಗ ಕಳೆದುಕೊಂಡ ವಾಹನಕ್ಕೆ 14.5 ಕಾದೇ ಇರುತ್ತದೆ. ಅದನ್ನೂ ತಡೆಯಲು ಹೊರಟರೆ ಗಾಡಿ ಹಗುರ ಎನಿಸಿಕೊಳ್ಳುವುದೇ ಇಲ್ಲ.

ಹೈಫಾದ ಗೆಲುವಿಗೆ ತುರ್ಕರ ದಣಿವೇ ಕಾರಣ ಎನ್ನುವವರೂ ಇದ್ದಾರೆ. ದಣಿದಿದ್ದರು ನಿಜ, ಅದೇ ದಣಿದ ಸೈನ್ಯವೇ ಹಿಂದಿನ ದಿನ ಕಾರುಗಳನ್ನು ಹಿಮ್ಮೆಟ್ಟಿಸಿದ್ದು. ಒಂದು ತಿಂಗಳ ನಂತರ, ಅಕ್ಟೋಬರ್ 26ರಂದು, ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಇದೇ ಮೈಸೂರು, ಜೋಧಪುರ ದಳಗಳು ಮತ್ತೆ ನುಗ್ಗಿದವು. ಎದುರಾಳಿಯ ಬಲವನ್ನು ಕಡಿಮೆ ಅಂದಾಜಿಸಿದ್ದರು, ಅವರ ಗನ್ನುಗಳು ಬಾಯಿ ಮುಚ್ಚಿರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ದಾಳಿ ಅಲ್ಲೇ ನಿಂತಿತು. ಹೈಫಾ ಗೆದ್ದ ದಳಗಳೇ ಇಲ್ಲಿ ಸೋತವು.

ಇವತ್ತಿನ ಖರೀದಿಗೂ ಇದೇ ಪಾಠ. 2021ರಲ್ಲಿ ನಮ್ಮ ಸೇನೆಗೆಂದು ಮಹೀಂದ್ರಾ ಕಂಪನಿಯಿಂದ 1,300 ಹಗುರ ವಾಹನಗಳನ್ನು 1,056 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದವಾಯಿತು. ಅವುಗಳ ತಗಡಿನ ದಪ್ಪ ಸಾಲದೆಂದು ಮೂಗು ಮುರಿಯುವುದು ವ್ಯರ್ಥ. ಆ ವಾಹನದ ಜೊತೆಗೆ ಯಾವ ಮಾರ್ಟರ್, ಯಾವ ಡ್ರೋನ್, ಎಷ್ಟು ನಿಮಿಷದಲ್ಲಿ ಎದುರಿನ ಗನ್ನಿನ ಮೇಲೆ ಬೀಳುತ್ತದೆ ಎಂದು ಕೇಳುವುದು ಉಪಯೋಗದ ಪ್ರಶ್ನೆ. ಖರೀದಿಯ ಸುದ್ದಿಗಳಲ್ಲಿ ಇದರ ಮಾತು ಕಾಣುವುದು ಕಡಿಮೆ.