ತೀರ್ಪಿನ ಉತಾರ

ಸರ್ವೆ ನಂಬರು, ಹಿಸ್ಸಾ ಗೊತ್ತಿದ್ದರೆ ಕರ್ಜಗಿಯ ಯಾವ ಹೊಲವನ್ನಾದರೂ ಪತ್ತೆ ಹಚ್ಚಬಹುದು. ತೀರ್ಪಿಗೂ ಅಂಥದೇ ಗುರುತುಂಟು. ವಕೀಲರ ಬಾಯಲ್ಲಿ ಅದು ಸೈಟೇಶನ್. ಹಾವೇರಿ ಸೀಮೆಯವರೇ ಆದ ಮುಖ್ಯಮಂತ್ರಿಯೊಬ್ಬರ ಹೆಸರಿನ ಸಾಲನ್ನು ಬಿಡಿಸಿ ನೋಡೋಣ.

ಮೂಲ: ಎಸ್.ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ, (1994) 3 ಎಸ್‌ಸಿಸಿ 1.

‘ಎಸ್.ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ’: ಮೊದಲ ಹೆಸರು ಕೋರ್ಟಿನ ಮೆಟ್ಟಿಲೇರಿದವರದು, ಎರಡನೆಯದು ಎದುರುದಾರರದು. 1989ರ ಏಪ್ರಿಲ್ 21ರಂದು ಬೊಮ್ಮಾಯಿ ಸರ್ಕಾರ ವಜಾ ಆಯಿತು. ಸದನದಲ್ಲಿ ಬಹುಮತ ತೋರಿಸಲು ಅವಕಾಶವೇ ಸಿಗಲಿಲ್ಲ. ವ್ಯಾಜ್ಯ ಹುಟ್ಟಿದ್ದು ಅಲ್ಲಿಂದ.

‘(1994)’: ವರದಿಯ ವರ್ಷ; ದಾವೆ ಹೂಡಿದ ವರ್ಷವಲ್ಲ. ತೀರ್ಪು ಹೊರಬಿದ್ದದ್ದು ಆ ವರ್ಷದ ಮಾರ್ಚ್ 11ರಂದು.

‘3’: ಆ ವರ್ಷದ ಮೂರನೇ ಸಂಪುಟ.

‘ಎಸ್‌ಸಿಸಿ’: ಸುಪ್ರೀಂ ಕೋರ್ಟ್ ಕೇಸಸ್, ಲಖನೌದ ಪ್ರಕಾಶಕರದು. ಇದೇ ತೀರ್ಪು ನಾಗಪುರದ ವರದಿಯಲ್ಲಿ ‘ಎಐಆರ್ 1994 ಎಸ್‌ಸಿ 1918’. ಕೊನೆಯದು ಇಸವಿಯಂತೆ ಕಂಡರೂ ಪುಟಸಂಖ್ಯೆ. ಹೊಲಕ್ಕೆ ಒಂದೇ ನಂಬರು. ತೀರ್ಪಿಗೆ ಅಚ್ಚು ಹಾಕಿದವರಷ್ಟು. ಈ ಗೋಜಲು ಬೇಡವೆಂದೇ ಈಚೆಗೆ ನ್ಯಾಯಾಲಯಗಳು ತಾವೇ ಸಂಖ್ಯೆ ಕೊಡುತ್ತಿವೆ: ಸುಪ್ರೀಂ ಕೋರ್ಟಿನದು ‘ಐಎನ್‌ಎಸ್‌ಸಿ’, ನಮ್ಮ ಧಾರವಾಡ ಪೀಠದ್ದು ‘ಕೆಎಚ್‌ಸಿ-ಡಿ’.

ಈ ಅಕ್ಷರಗಳು ಯಾವ ಕಪಾಟಿಗೆ ಕೈ ಹಾಕಬೇಕೆಂದು ಹೇಳುತ್ತವೆ. 1956ಕ್ಕೆ ಮುಂಚೆ ಈ ಭಾಗದ ಮೇಲ್ಮನವಿಗಳು ಮುಂಬೈ ಹೈಕೋರ್ಟಿಗೆ ಹೋಗುತ್ತಿದ್ದವು. ಅಜ್ಜನ ಕಾಲದ ವತನದ ಜಗಳ ವರದಿಯಾಗಿದ್ದರೆ ‘ಐಎಲ್‌ಆರ್ ಬಾಂಬೆ’ಯಲ್ಲೋ ‘ಬಾಂಬೆ ಲಾ ರಿಪೋರ್ಟರ್’ನಲ್ಲೋ ನೋಡಬೇಕು. ಅಲ್ಲಿ ಹಾವೇರಿ ಜಿಲ್ಲೆ ಎಂದು ಹುಡುಕಿದರೆ ಏನೂ ಸಿಗದು. ಜಿಲ್ಲೆ ಆದದ್ದೇ 1997ರಲ್ಲಿ. ಆಗ ಧಾರವಾಡ ಜಿಲ್ಲೆ, ಕರ್ಜಗಿಯೇ ತಾಲೂಕಿನ ಹೆಸರು; ಕಚೇರಿ ಮಾತ್ರ ಹಾವೇರಿಯಲ್ಲಿ.

‘1’: ತೀರ್ಪಿನ ವರದಿ ಶುರುವಾಗುವ ಪುಟ. ಅಲ್ಲಿ ಮೊದಲು ಎದುರಾಗುವ ಸಾರಾಂಶ ಸಂಪಾದಕರದು, ನ್ಯಾಯಮೂರ್ತಿಗಳದಲ್ಲ. ಒಂಬತ್ತು ಮಂದಿಯ ಪೀಠದಿಂದ ಇಲ್ಲಿ ಆರು ಪ್ರತ್ಯೇಕ ತೀರ್ಪುಗಳು ಬಂದಿವೆ. ಯಾರ ಮಾತು ಎಂದು ನೋಡಿಯೇ ಉದ್ಧರಿಸಬೇಕು.

ಇನ್ನು ಈ ಸಾಲಿನಲ್ಲಿ ಕಾಣದ್ದು. ‘ಎಐಆರ್ 1990 ಕರ್ನಾಟಕ 5’ ಎಂದು ಹೋದರೂ ಬೊಮ್ಮಾಯಿಯವರ ಪ್ರಕರಣವೇ ಸಿಗುತ್ತದೆ, ಆದರೆ ಅಲ್ಲಿ ಹೈಕೋರ್ಟ್ ಅವರ ಅರ್ಜಿಯನ್ನು ತಳ್ಳಿಹಾಕಿದೆ. 1994ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಆ ವಜಾ ಸಂವಿಧಾನಬಾಹಿರ ಎಂದಿತು. ಬಲಾಬಲ ಸದನದಲ್ಲೇ ತೀರ್ಮಾನವಾಗಬೇಕೆಂದಿತು. ಆದ್ದರಿಂದ ತೀರ್ಪು ಕೈಗೆ ಸಿಕ್ಕರೆ ಅರ್ಧ ಕೆಲಸ. ಮೇಲಿನ ಕೋರ್ಟು ಅದನ್ನು ಉಳಿಸಿತೇ ಎಂದು ನೋಡುವುದು ಉಳಿದರ್ಧ. ಅದನ್ನು ಬಿಟ್ಟವನು, ಹೊಲ ಕೈಬದಲಾದ ಮೇಲೂ ಹಳೇ ಉತಾರ ಹಿಡಿದು ಬದುವಿನ ಮೇಲೆ ನಿಂತವನಂತೆ.