ಕಪ್ಪಿನೊಳಗಿನ ಕೆಂಪಿನ ಪರವಾಗಿ

ವರ್ಷದ ಕೊನೆಗೆ ಬರುವ ಕೇಶವಿನ್ಯಾಸದ ಮುನ್ನೋಟಗಳನ್ನು ನಾನು ಬಿಡದೆ ಓದುತ್ತೇನೆ. ಮುಂದಿನ ವರ್ಷ ನಗರದವರು ಯಾವ ಕಟ್ ಮಾಡಿಸುತ್ತಾರೆ, ಯಾವ ಬಣ್ಣ ಹಾಕಿಸುತ್ತಾರೆ ಎಂದು ಹೇಳುವ ಪಟ್ಟಿಗಳು ಅವು. ವುಲ್ಫ್ ಕಟ್, ಬಟರ್‌ಫ್ಲೈ ಕಟ್, ಕುತ್ತಿಗೆ ಮುಟ್ಟುವ ಬಾಬ್. ಆ್ಯಶ್ ಬ್ರೌನ್, ಮಶ್ರೂಮ್ ಬ್ರೌನ್, ಆ್ಯಶ್ ಬ್ಲಾಂಡ್. ಹೆಸರುಗಳು ಬದಲಾಗುತ್ತಿರುತ್ತವೆ, ನಡುವೆ ಒಂದೆರಡು ಬೆಚ್ಚನೆಯ ಛಾಯೆಗಳೂ ಬಂದು ಹೋಗುತ್ತವೆ. ಆದರೆ ಎಲ್ಲದರ ತಳದಲ್ಲಿರುವ ಒಂದು ತೀರ್ಮಾನ ಮಾತ್ರ ಕದಲುವುದಿಲ್ಲ: ಬೂದು ಛಾಯೆಯ ತಣ್ಣನೆ ಬಣ್ಣವೇ ಅಭಿರುಚಿಯ ಗುರುತು, ಕೂದಲಲ್ಲಿ ಕೆಂಪೋ ಕಿತ್ತಳೆಯೋ ಇಣುಕಿದರೆ ಕೆಲಸ ಕೆಟ್ಟಿದೆ ಎಂದರ್ಥ. ಸಲೂನಿನ ಮಾತಿನಲ್ಲಿ ‘ಬ್ರಾಸಿ’ ಆಗಿದೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಮ್ಮ ಕೂದಲಿನ ಮಟ್ಟಿಗೆ ಇದು ರಸಾಯನಶಾಸ್ತ್ರಕ್ಕೂ ಒಗ್ಗದು, ಕಣ್ಣಿಗೂ ಒಗ್ಗದು.

ಬಣ್ಣ ಹಾಕಿಸುವುದೇ ಪರದೇಶದ ಅನುಕರಣೆ ಎನ್ನುವವರ ಸಾಲಿಗೆ ನನ್ನನ್ನು ದಯವಿಟ್ಟು ಸೇರಿಸಬೇಡಿ. ಎರವಲು ತಂದಿದ್ದಕ್ಕೆ ನನ್ನ ಆಕ್ಷೇಪವೇ ಇಲ್ಲ. 1960ರಲ್ಲಿ ‘ಲವ್ ಇನ್ ಸಿಮ್ಲಾ’ ಚಿತ್ರಕ್ಕಾಗಿ ನಟಿ ಸಾಧನಾ ಹಣೆಯ ಮೇಲೆ ಕೂದಲು ಇಳಿಬಿಟ್ಟದ್ದು ಆಡ್ರೆ ಹೆಪ್‌ಬರ್ನ್ ಅವರನ್ನು ನೋಡಿ. ಆದರೆ ಅದರ ಹಿಂದೆ ಒಂದು ಕಾರಣವಿತ್ತು: ಸಾಧನಾ ಅವರ ಹಣೆ ಅಗಲ, ಕ್ಯಾಮೆರಾದಲ್ಲಿ ಅದನ್ನು ಕಿರಿದಾಗಿಸಬೇಕಿತ್ತು. ಆ ಮುಖಕ್ಕೆ ಆ ಕಟ್ ಹೊಂದಿತು, ‘ಸಾಧನಾ ಕಟ್’ ಎಂಬ ಹೆಸರೂ ನಿಂತಿತು. ಹೀಗೆ ಎದುರಿಗಿರುವ ತಲೆಯನ್ನು ನೋಡಿ ತಂದ ಎರವಲು ನಮ್ಮದಾಗಿಬಿಡುತ್ತದೆ. ಆ್ಯಶ್ ಬಣ್ಣವನ್ನು ತಂದವರು ಎದುರಿಗಿರುವ ತಲೆಯನ್ನು ನೋಡಲೇ ಇಲ್ಲ ಎಂಬುದು ನನ್ನ ದೂರು.

ಏನನ್ನು ನೋಡಬೇಕಿತ್ತು? ಕಲರಿಸ್ಟ್‌ಗಳು ಕೂದಲಿನ ಗಾಢತೆಯನ್ನು 1ರಿಂದ 10ರ ಮಟ್ಟಗಳಲ್ಲಿ ಅಳೆಯುತ್ತಾರೆ. 1 ಕಡುಗಪ್ಪು, 10 ತೀರಾ ತಿಳಿಯಾದ ಹೊಂಬಣ್ಣ. ನಮ್ಮಲ್ಲಿ ಹೆಚ್ಚಿನವರ ಕೂದಲು 1ರಿಂದ 3ರ ಒಳಗೆ. ಪಟ್ಟಿಗಳಲ್ಲಿ ಕಾಣುವ ಆ್ಯಶ್ ಬ್ಲಾಂಡ್ ಬೇಕೆಂದರೆ 9ರ ಆಸುಪಾಸಿಗೆ ಏರಬೇಕು. ಈ ಏರಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಯಾವುದಾದರೂ ಸಲೂನಿನಲ್ಲಿ ಒಮ್ಮೆ ಕೂತು ನೋಡಿ. ಬ್ಲೀಚ್ ಹಚ್ಚಿ ಫಾಯಿಲ್ ಸುತ್ತಿದ ಮೇಲೆ ಸ್ವಲ್ಪ ಹೊತ್ತಿಗೊಮ್ಮೆ ಕಲರಿಸ್ಟ್ ಒಂದು ಫಾಯಿಲ್ ಬಿಚ್ಚಿ, ಒಂದು ಎಳೆಯ ಮೇಲಿನ ಪೇಸ್ಟನ್ನು ಹತ್ತಿಯಿಂದ ಒರೆಸಿ, ಬೆಳಕಿಗೆ ಹಿಡಿಯುತ್ತಾರೆ. ಮೊದಲು ಕಾಣುವುದು ಕಂದುಗೆಂಪು. ಮತ್ತೆ ಮುಚ್ಚಿ ಕಾದರೆ ಇಟ್ಟಿಗೆ ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ, ಕಟ್ಟಕಡೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ಮಸುಕು ಹಳದಿ. ಈ ಬಣ್ಣಗಳನ್ನು ಯಾರೂ ಹೊರಗಿನಿಂದ ಹಾಕಿದ್ದಲ್ಲ. ಕಪ್ಪಿನ ಒಳಗೆ ಅವು ಇದ್ದೇ ಇದ್ದವು. ಕೂದಲಿಗೆ ಕಪ್ಪು-ಕಂದು ಕೊಡುವ ಯೂಮೆಲನಿನ್ ಬ್ಲೀಚಿಗೆ ಬೇಗ ಕರಗುತ್ತದೆ. ಕೆಂಪು-ಹಳದಿ ಛಾಯೆ ಕೊಡುವ ಫಿಯೋಮೆಲನಿನ್ ಹಟ ಹಿಡಿದು ಉಳಿಯುತ್ತದೆ. ‘ಬ್ರಾಸಿ’ ಎಂದು ನಾವು ದೂರುವುದು ನಮ್ಮದೇ ಕೂದಲಿನ ಒಳಬಣ್ಣವನ್ನು.

ಈ ಒಳಬಣ್ಣವನ್ನು ಅಡಗಿಸಲು ಮೇಲೆ ಟೋನರ್ ಹಾಕುತ್ತಾರೆ. ಹಳದಿಯನ್ನು ನೇರಳೆ ಅಡಗಿಸುತ್ತದೆ, ಕಿತ್ತಳೆಯನ್ನು ನೀಲಿ. ಫೋಟೋ ತೆಗೆಯುವುದು ಆ ಕ್ಷಣದಲ್ಲಿ. ಟೋನರ್ ನಿಲ್ಲುವುದು ಕೆಲವು ವಾರ ಮಾತ್ರ. ಪ್ರತಿ ಸ್ನಾನಕ್ಕೂ ಒಂದಿಷ್ಟು ಹೋಗಿ, ಕೆಳಗಿನ ಹಳದಿ-ಕಿತ್ತಳೆ ಮತ್ತೆ ಮೇಲೆ ಬರುತ್ತದೆ. ಅಷ್ಟರಲ್ಲಿ ಬುಡದಿಂದ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಕಡುಗಪ್ಪು ಕೂದಲು ಬೆಳೆದಿರುತ್ತದೆ. 6ನೇ ಮಟ್ಟದ ಕಂದು ಕೂದಲಿನವರಿಗೆ ಈ ಗೆರೆ ಅಷ್ಟಾಗಿ ಎದ್ದು ಕಾಣದು. ನಮಗೆ ಅದು ಬೈತಲೆಯ ಇಕ್ಕೆಲದಲ್ಲೂ ಢಾಳಾಗಿ ಕಾಣುತ್ತದೆ. ಎರಡನೇ ತಿಂಗಳಿನ ಈ ತಲೆಯನ್ನು ಯಾವ ಮುನ್ನೋಟವೂ ತೋರಿಸುವುದಿಲ್ಲ. ಬಣ್ಣ ಹಾಕಿಸಿಕೊಂಡವರು ಹೆಚ್ಚು ದಿನ ಬದುಕುವುದು ಆ ತಲೆಯೊಂದಿಗೇ.

ಇನ್ನು ನೀರು. ಬೆಂಗಳೂರಿನಲ್ಲಿ ಕೂದಲಿನ ಬಗ್ಗೆ ಬರೆಯುವವರು ನೀರಿನ ಬಗ್ಗೆ ಬರೆಯದಿರುವುದು ನನಗೆ ಅರ್ಥವಾಗದ ವಿಷಯ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾದ ಮೇಲೂ ಹೊರವಲಯದ ಎಷ್ಟೋ ಅಪಾರ್ಟ್‌ಮೆಂಟುಗಳು ಬೋರ್ ನೀರು, ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿವೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ. ನಲ್ಲಿಯ ಬಾಯಲ್ಲಿ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪದರ ಕಟ್ಟುವ ಉಪ್ಪುನೀರಿನ ಮನೆಗಳಿಗೆ ಈ ಅಂಕಿಗಳನ್ನು ವಿವರಿಸಬೇಕಿಲ್ಲ. ಆ ನೀರಿಗೆ ಕೂದಲು ಉದುರುತ್ತದೆ ಎಂಬ ಊರೆಲ್ಲದ ಮಾತಿಗೆ ಗಟ್ಟಿ ಆಧಾರವಿಲ್ಲ. ಅದನ್ನು ನಾನು ಹೇಳುತ್ತಿಲ್ಲ. ಬ್ಲೀಚ್ ಆದ ಕೂದಲಿನ ಹೊರಪದರ ತೆರೆದಿರುತ್ತದೆ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಹೆಚ್ಚು ಹಿಡಿದಿಟ್ಟುಕೊಂಡು ಮಂಕಾಗುತ್ತದೆ ಎಂಬುದಷ್ಟೇ ನನ್ನ ಮಾತು. ತಣ್ಣನೆ ತಿಳಿಬಣ್ಣ ಮೊದಲು ಕಳೆದುಕೊಳ್ಳುವುದು ಆ ಹೊಳಪನ್ನೇ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. 2014ರಲ್ಲಿ ಓಲಾಪ್ಲೆಕ್ಸ್ ಬಂದ ಮೇಲೆ ಕೂದಲಿನೊಳಗೆ ಮುರಿದ ಕೊಂಡಿಗಳನ್ನು ಬೆಸೆಯುವ ಬಾಂಡ್ ಬಿಲ್ಡರ್‌ಗಳ ಕಾಲ ಶುರುವಾಗಿದೆ, ಹಾನಿಯ ಮಾತು ಹಳತಾಯಿತು ಎನ್ನುತ್ತಾರೆ. ಹಾನಿ ಕಡಿಮೆಯಾಗಿದೆ ಎಂಬುದನ್ನು ಒಪ್ಪುತ್ತೇನೆ, ಇಲ್ಲವಾಗಿದೆ ಎಂಬುದನ್ನು ಒಪ್ಪಲಾರೆ. ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಾಗುತ್ತದೆ; ದಕ್ಷಿಣ ಭಾರತದ ದೇವಸ್ಥಾನಗಳ ಇಂಥ ಕೂದಲು ಯುರೋಪಿನಲ್ಲಿ ಹೊಂಬಣ್ಣದ ಎಕ್ಸ್‌ಟೆನ್ಷನ್ ಆಗಿ ಮಾರಾಟವಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಕೂದಲು ಹಾಳಾಗದಂತೆ ಕಪ್ಪನ್ನು ಇಳಿಸಲು ವಾರಗಟ್ಟಲೆ ದ್ರಾವಣದಲ್ಲಿ ನೆನೆಸುತ್ತೇವೆ ಎಂದು ದುಬಾರಿ ತಯಾರಕರೇ ಹೇಳಿಕೊಳ್ಳುತ್ತಾರೆ. ಕಾರ್ಖಾನೆಯಲ್ಲಿ ಅಷ್ಟು ನಿಧಾನ ಬೇಡುವ ಕೆಲಸವನ್ನು ಸಲೂನಿನಲ್ಲಿ ಒಂದು ಮಧ್ಯಾಹ್ನದಲ್ಲಿ, 9 ಅಥವಾ 12 ಪ್ರತಿಶತ ಪೆರಾಕ್ಸೈಡಿನ ಡೆವಲಪರ್ ಬೆರೆಸಿ ಮುಗಿಸುತ್ತಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕಂದು ಮೈಬಣ್ಣದವರಿಗೆ ಬೆಚ್ಚನೆಯ ಬಣ್ಣವೇ ಒಪ್ಪುತ್ತದೆ ಎಂಬ ಹಳೆಯ ನಿರ್ಬಂಧವನ್ನೇ ನಾನು ಬೇರೆ ದಾರಿಯಲ್ಲಿ ತರುತ್ತಿಲ್ಲವೇ? ಇಲ್ಲ. ಮೈಬಣ್ಣಕ್ಕೂ ನನ್ನ ವಾದಕ್ಕೂ ಸಂಬಂಧವಿಲ್ಲ. ಬೆಳ್ಳಿಬಣ್ಣವೋ ನೀಲಿಯೋ ಬೇಕೇ ಬೇಕು ಎನ್ನುವವರು ಹಾಕಿಸಿಕೊಳ್ಳಲಿ, ಅದು ಅವರ ತಲೆ. ನಾನು ಪ್ರಶ್ನಿಸುತ್ತಿರುವುದು ಅಳತೆಗೋಲನ್ನು. 4 ಅಥವಾ 5ನೇ ಮಟ್ಟದಲ್ಲಿ ನಿಲ್ಲಿಸಿದರೆ ತಾಮ್ರ, ಬರ್ಗಂಡಿ, ಚೆಸ್ಟ್‌ನಟ್ ಛಾಯೆಗಳಿಗೆ ಕೂದಲಿನೊಳಗಿನ ಕೆಂಪೇ ಆಸರೆಯಾಗುತ್ತದೆ. ಕಡಿಮೆ ಬ್ಲೀಚ್ ಸಾಕು, ಎಷ್ಟೋ ಸಲ ಬ್ಲೀಚೇ ಬೇಡ, 6 ಪ್ರತಿಶತದ ಡೆವಲಪರ್ ಸಾಲುತ್ತದೆ. ಬಣ್ಣ ಇಳಿದಾಗಲೂ ಅದೇ ಕುಟುಂಬದ ಇನ್ನೊಂದು ಛಾಯೆಗೆ ಇಳಿಯುತ್ತದೆ. ಬಿಸಿಲಿಗೆ ಬಂದಾಗ ಮಾತ್ರ ಒಳಗಿನ ತಾಮ್ರ ಮಿನುಗುವ ಕಪ್ಪು ಕೂದಲಿನಷ್ಟು ಸುಂದರವಾದ ಬಣ್ಣವನ್ನು ನಾನು ಬೇರೆ ಕಂಡಿಲ್ಲ. ಅದಕ್ಕೆ ‘ಕೆಟ್ಟ ಕೆಲಸ’ ಎಂದು ಹೆಸರಿಡುವ ಶಬ್ದಕೋಶವನ್ನು ನಾವು ಯಾಕೆ ಹೊರಬೇಕು?

ಈ ಕೆಂಪು ನಮಗೆ ಹೊಸತೂ ಅಲ್ಲ. ಗೋರಂಟಿ ಸೊಪ್ಪಿನಲ್ಲಿರುವ ಲಾಸೋನ್ ಕೂದಲಿಗೆ ಕೊಡುವುದು ಕಿತ್ತಳೆ-ಕೆಂಪನ್ನೇ. ನರೆತ ತಲೆಗೆ ಮೆಹಂದಿ ಹಚ್ಚಿಕೊಂಡು ಕೆಂಪಗೆ ತಿರುಗಾಡುವ ಹಿರಿಯರನ್ನು ಕಂಡು ನಗುವವರಿದ್ದಾರೆ. ಅದೇ ಛಾಯೆ ‘ಕಾಪರ್’ ಎಂಬ ಹೆಸರಲ್ಲಿ ಸಲೂನಿನ ಶೇಡ್ ಕಾರ್ಡಿನಲ್ಲಿ ಬಂದರೆ ಬೆಲೆ ಕೇಳುತ್ತಾರೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಪ್ಪಟ ಗೋರಂಟಿ ಎಂದೂ ಕಪ್ಪು ಕೊಡದು. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಪಿಪಿಡಿ, ಅಂದರೆ ಪ್ಯಾರಾಫಿನಿಲೀನ್‌ಡೈಅಮೀನ್, ಇರುತ್ತದೆ. 2006ರಲ್ಲಿ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಇದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತ್ತು. ಹಚ್ಚಿಕೊಳ್ಳುವ 48 ಗಂಟೆ ಮೊದಲು ಕಿವಿಯ ಹಿಂದೆ ಇಷ್ಟೇ ಇಷ್ಟು ಹಚ್ಚಿ ನೋಡಿ ಎಂದು ಪೊಟ್ಟಣದ ಮೇಲೆ ಬರೆದಿರುವುದು ಸುಮ್ಮನೆ ಅಲ್ಲ.

ಕಪ್ಪಿನ ಮಾತು ಬಂದದ್ದರಿಂದ ಮುನ್ನೋಟಗಳ ಅತಿದೊಡ್ಡ ಲೋಪಕ್ಕೆ ಬರುತ್ತೇನೆ. ನಮ್ಮ ಯಾವ ನಗರದಲ್ಲೇ ಆಗಲಿ, ಬೀದಿಕೊನೆಯ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿರುವ ಡೈ ಪೊಟ್ಟಣಗಳನ್ನು ನೋಡಿ: ಜನ ಹಚ್ಚಿಕೊಳ್ಳುತ್ತಿರುವುದು ಕಪ್ಪು. ಹೇರ್ ಕಲರ್ ಎಂದರೆ ಇಪ್ಪತ್ತರ ಹುಡುಗಿಯ ಹೈಲೈಟ್ಸ್ ಎಂದುಕೊಂಡವರಿಗೆ ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಹಳೇ ಬನಿಯನ್ ಹಾಕಿಕೊಂಡು ಬ್ರಷ್ ಹಿಡಿಯುವ ಐವತ್ತರ ಗೃಹಸ್ಥ ಕಾಣುವುದೇ ಇಲ್ಲ. ಮಗಳು ಸಾವಿರಾರು ರೂಪಾಯಿ ಕೊಟ್ಟು ಆ್ಯಶ್ ಬಣ್ಣ ಹಾಕಿಸಿಕೊಳ್ಳುತ್ತಾಳೆ. ಅಮ್ಮ ತನಗೆ ತಾನಾಗಿ ಬಂದ ಬೂದುಬಣ್ಣವನ್ನು ಕಪ್ಪು ಡೈಯಿಂದ ಮುಚ್ಚುತ್ತಾರೆ. ನಮ್ಮ ಕೂದಲಿಗೆ ನಿಜವಾದ ತಣ್ಣನೆ ಟೋನು ಬರುವ ದಾರಿ ಒಂದೇ, ಅದು ನರೆ. ಅಲ್ಲಿ ಬಣ್ಣದ ಕಣಗಳೇ ಇಲ್ಲದ್ದರಿಂದ ಕೆಂಪಿನ ತಕರಾರೂ ಇಲ್ಲ. ಬೂದುಬಣ್ಣವನ್ನು ಅಷ್ಟು ಮೆಚ್ಚುವ ಅಭಿರುಚಿ ನರೆಯ ಮುಂದೆ ಮಾತ್ರ ಮುಖ ತಿರುಗಿಸುವುದಾದರೆ, ಅದು ಮೆಚ್ಚಿದ್ದು ಬಣ್ಣವನ್ನಲ್ಲ, ವಯಸ್ಸನ್ನು ಎಂದೇ ಹೇಳಬೇಕಾಗುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ಡೈ ಬಿಟ್ಟವರಲ್ಲಿ ಕೆಲವರು ಮತ್ತೆ ಹಚ್ಚಲೇ ಇಲ್ಲ. ನರೆಯನ್ನು ಮುಚ್ಚದೆ, ಅದರ ನಡುವೆ ಅಲ್ಲಲ್ಲಿ ಗಾಢ ಎಳೆಗಳನ್ನು ಬೆರೆಸುವ ಗ್ರೇ ಬ್ಲೆಂಡಿಂಗ್ ಕೆಲಸವೇ ಬರುವ ವರ್ಷಗಳ ನಿಜವಾದ ಟ್ರೆಂಡ್ ಆಗಬೇಕು, ಆಗುತ್ತದೆ ಎಂದು ನಾನು ನಂಬುತ್ತೇನೆ.

ಕಟ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವುಲ್ಫ್ ಕಟ್ ಹೊಸದೆನ್ನುವವರು 1971ರ ‘ಕ್ಲೂಟ್’ ಚಿತ್ರದ ಜೇನ್ ಫೋಂಡಾ ಅವರನ್ನು ನೋಡಲಿ. ಪಾಲ್ ಮೆಕ್‌ಗ್ರೆಗರ್ ಕತ್ತರಿಸಿದ ಆ ಶ್ಯಾಗ್‌ನ ಮೊಮ್ಮಗುವೇ ಇದು. ನನ್ನ ತಕರಾರು ಹಳತು-ಹೊಸತಿನದಲ್ಲ. ಈ ಕಟ್‌ಗಳ ಚಿತ್ರಗಳೆಲ್ಲ ಬ್ಲೋ ಡ್ರೈ ಮಾಡಿ ತೆಗೆದವು. ಗುಂಗುರು ಕೂದಲು ಒಣಗಿದಾಗ ಮೇಲಕ್ಕೆ ಸುರುಳಿಕೊಳ್ಳುತ್ತದೆ. ಒದ್ದೆಯಲ್ಲಿ ಗಲ್ಲದವರೆಗೆ ಅಳೆದು ಕತ್ತರಿಸಿದ ಲೇಯರ್ ಸಂಜೆಗೆ ಕಿವಿಯ ಹತ್ತಿರ ನಿಂತಿರುತ್ತದೆ. ಆಗ ಅದೇ ಸಲೂನು ಸ್ಮೂದನಿಂಗ್ ಮಾಡಿಸಿ ಎನ್ನುತ್ತದೆ. ಕಟ್ಟಿನ ತಪ್ಪನ್ನು ಕೂದಲಿನ ತಪ್ಪೆಂದು ಬಿಲ್ಲು ಹಾಕುವ ಈ ಕ್ರಮ ಅನ್ಯಾಯದ್ದು. ಗುಂಗುರನ್ನು ಒಣಗಿದಾಗಲೇ, ಸುರುಳಿ ಸುರುಳಿಯಾಗಿ ನೋಡಿ ಕತ್ತರಿಸಬಲ್ಲವರು ಈಗ ಬೆಂಗಳೂರಿನಲ್ಲೂ ಇದ್ದಾರೆ, ಇನ್ನೂ ಹೆಚ್ಚಬೇಕು. ಹುಡುಗರ ವಿಷಯದಲ್ಲಂತೂ ಮುನ್ನೋಟಗಳು ಪೂರ್ತಿ ಹಿಂದೆ ಬಿದ್ದಿವೆ. 2018ರಲ್ಲಿ ‘ಕೆಜಿಎಫ್’ ಬಂದಾಗ ಯಶ್ ಅವರ ಗಡ್ಡ, ಉದ್ದ ಕೂದಲು ಗಲ್ಲಿಗಲ್ಲಿಗೂ ಹಬ್ಬಿದ್ದು ಹವಾನಿಯಂತ್ರಿತ ಸಲೂನುಗಳಿಂದಲ್ಲ, ಎರಡು ಕುರ್ಚಿಯ ಕಟಿಂಗ್ ಶಾಪುಗಳಿಂದ.

ಮುಂದಿನ ಮುನ್ನೋಟ ಬರೆಯುವವರಲ್ಲಿ ನನ್ನದೊಂದು ಕೋರಿಕೆ: ಸಲೂನಿನಿಂದ ಹೊರಬಂದ ದಿನದ ಚಿತ್ರದ ಪಕ್ಕದಲ್ಲಿ ಎಂಟು ವಾರ ಕಳೆದ ಮೇಲಿನ ಚಿತ್ರವನ್ನೂ ಹಾಕಿ. ಓದುಗರಿಗೆ ಹೇಳುವುದು ಇಷ್ಟು. ಕುರ್ಚಿಯಲ್ಲಿ ಕೂರುವ ಮೊದಲು ನನ್ನ ಕೂದಲನ್ನು ಎಷ್ಟು ಮಟ್ಟ ಏರಿಸುತ್ತೀರಿ, ಡೆವಲಪರ್ ಎಷ್ಟು ಪ್ರತಿಶತದ್ದು, ಮತ್ತೆ ಯಾವಾಗ ಟೋನರ್ ಹಾಕಬೇಕು, ಅದಕ್ಕೆಷ್ಟಾಗುತ್ತದೆ ಎಂದು ಕೇಳಿ. ಉತ್ತರ ಕೊಡಲಾಗದಿದ್ದರೆ ಎದ್ದು ಬನ್ನಿ.