ಬೀಜದ ಕುದುರೆಯ ಪ್ರಶಸ್ತಿ: ಹಂಟರ್ ಕಣಿವೆಯ ಪತ್ರಿಕಾ ಪ್ರಕಟಣೆಗಳ ಒಂದು ವಿಮರ್ಶೆ

ದತ್ತಿಯ ದಾಖಲೆಯಾಗಿ ಹುಟ್ಟಿದ ಶಾಸನವನ್ನು ಕಾವ್ಯವೆಂದೂ ಓದಬಹುದೆಂಬುದನ್ನು ಕನ್ನಡ ವಿದ್ವಾಂಸರು ಬಹುಕಾಲದ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಭೂಮಿಯ ಎಲ್ಲೆಯನ್ನು ಗುರುತಿಸಲೆಂದು ಕೆತ್ತಿಸಿದ ಕಲ್ಲಿನಲ್ಲಿ ಕಂದ, ವೃತ್ತಗಳು ಮೆರೆಯುತ್ತವೆ. ಸುಂಕದ ಲೆಕ್ಕದ ಪಕ್ಕದಲ್ಲಿಯೇ ಉಪಮೆ, ಉತ್ಪ್ರೇಕ್ಷೆಗಳು ನಿಂತಿರುತ್ತವೆ. ವ್ಯವಹಾರಕ್ಕೆಂದು ಹುಟ್ಟಿದ ಬರವಣಿಗೆಯಲ್ಲಿ ಒಂದು ಸಮಾಜದ ಮನಸ್ಸು ಅದರ ಕಾವ್ಯದಲ್ಲಿ ಕಾಣುವುದಕ್ಕಿಂತ ನಿಚ್ಚಳವಾಗಿ ಕಾಣುವುದುಂಟು. ಈ ದೃಷ್ಟಿಯಿಂದ ವಿಮರ್ಶೆಗೆ ಅರ್ಹವಾದ ಬರಹಪ್ರಕಾರವೊಂದು ಕಡಲಾಚೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯದಲ್ಲಿ ವಸಂತಋತು ಸಮೀಪಿಸಿದಾಗಲೆಲ್ಲ ವಸಾಹತು ಪತ್ರಿಕೆಗಳಲ್ಲಿ ಸಾಲುಸಾಲಾಗಿ ಅಚ್ಚಾಗುತ್ತಿದ್ದ ಬೀಜದ ಕುದುರೆಗಳ ಜಾಹೀರಾತುಗಳೇ ಆ ಪ್ರಕಾರ.

ಸಿಡ್ನಿಯ ಉತ್ತರಕ್ಕಿರುವ ಹಂಟರ್ ನದಿಯ ಕಣಿವೆ ಇಂಥ ಪ್ರಕಟಣೆಗಳ ತವರುಗಳಲ್ಲಿ ಒಂದು. ಮೇಟ್ಲಂಡ್, ಮಾರ್ಪೆತ್, ಪ್ಯಾಟರ್ಸನ್, ಸಿಂಗಲ್ಟನ್, ಸ್ಕೋನ್ ಇವು ಅಲ್ಲಿಯ ಕೃಷಿಕೇಂದ್ರಗಳು. 1843ನೆಯ ಜನವರಿಯಲ್ಲಿ ಪ್ರಾರಂಭವಾದ ಮೇಟ್ಲಂಡ್ ಮರ್ಕ್ಯುರಿ ಆ ಸೀಮೆಯ ಪತ್ರಿಕೆ. ಅದೇ ವರ್ಷ ಆ ವಸಾಹತಿನಲ್ಲಿ ಆರ್ಥಿಕ ಮುಗ್ಗಟ್ಟು ತೀವ್ರವಾಗಿ, ಬ್ಯಾಂಕ್ ಆಫ್ ಆಸ್ಟ್ರೇಲಿಯ ಮುಳುಗಿತೆಂಬುದನ್ನು ಮರೆಯಲಾಗದು. ಕೈಯಲ್ಲಿ ನಾಣ್ಯವಿಲ್ಲದ, ಆದರೆ ಹುಲ್ಲುಗಾವಲೂ ಹೆಣ್ಣುಕುದುರೆಯೂ ಉಳ್ಳ ಒಕ್ಕಲಿಗನನ್ನು ಉದ್ದೇಶಿಸಿ ಈ ಪ್ರಕಟಣೆಗಳು ಹುಟ್ಟಿದವು. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯವು ಹಳೆಯ ಸಂಚಿಕೆಗಳನ್ನು ಟ್ರೋವ್ ಎಂಬ ಅಂತರ್ಜಾಲ ಭಂಡಾರದಲ್ಲಿ ತೆರೆದಿಟ್ಟಿರುವುದರಿಂದ, ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಕುಳಿತ ಓದುಗನೂ ಇಂದು ಇವನ್ನು ಪುಟಪುಟವಾಗಿ ಪರಿಶೀಲಿಸಬಹುದಾಗಿದೆ.

ಈ ಜಾಹೀರಾತಿಗೆ ಒಂದು ಸ್ಥಿರವಾದ ಅಂಗವಿನ್ಯಾಸವಿದೆ. ಮೊದಲು ಕುದುರೆಯ ಹೆಸರು ದಪ್ಪ ಅಕ್ಷರಗಳಲ್ಲಿ. ಹಲವೊಮ್ಮೆ ಅದರ ಮೇಲೊಂದು ಕುದುರೆಯ ಅಚ್ಚುಚಿತ್ರ. ಅನಂತರ ಋತು ಮತ್ತು ಸ್ಥಳದ ಉಲ್ಲೇಖ: ಕುದುರೆ ಯಾರ ಲಾಯದಲ್ಲಿ ನಿಂತಿರುತ್ತದೆ, ಅಥವಾ ವಾರದ ಯಾವ ದಿನ ಯಾವ ಊರಿನ ಯಾವ ವಸತಿಗೃಹದ ಬಳಿಗೆ ಬರುತ್ತದೆ. ಆಮೇಲೆ ಬಣ್ಣ, ಎತ್ತರ, ಮೈಕಟ್ಟು, ಸ್ವಭಾವ. ಅದರ ಹಿಂದೆ ತಂದೆ, ತಾಯಿ, ತಾಯಿಯ ತಂದೆ ಹೀಗೆ ಏರುತ್ತ ಹೋಗುವ ವಂಶಾವಳಿ. ಬಳಿಕ ಗೆದ್ದ ಬಹುಮಾನಗಳು, ಹುಟ್ಟಿಸಿದ ಮರಿಗಳ ಕೀರ್ತಿ. ಕೊನೆಯಲ್ಲಿ ಶುಲ್ಕ ಮತ್ತು ಷರತ್ತುಗಳು. ಶಾಸನಗಳ ಪರಿಚಯವುಳ್ಳವರಿಗೆ ಈ ಕ್ರಮ ಅಪರಿಚಿತವೆನಿಸದು. ವಂಶವರ್ಣನೆ, ಪ್ರಶಸ್ತಿ, ದತ್ತಿಯ ವಿವರ, ಶಾಪಾಶಯ ಎಂಬ ದಾನಶಾಸನದ ಅಂಗಗಳಿಗೂ ಇದಕ್ಕೂ ಇರುವ ಹೋಲಿಕೆ ಅನುಕರಣದಿಂದ ಬಂದುದಲ್ಲ. ಒಬ್ಬನ ಮಾತನ್ನು ಇನ್ನೊಬ್ಬನು ನಂಬಬೇಕಾದ ಸಂದರ್ಭದಲ್ಲಿ ಎಲ್ಲ ದೇಶಗಳ ಬರವಣಿಗೆಯೂ ಪೂರ್ವಜರನ್ನು ಸಾಕ್ಷಿಗೆ ಕರೆಯುತ್ತದೆ. ಹೋಲಿಕೆಯ ಮೂಲ ಅಲ್ಲಿದೆ.

ವಂಶಾವಳಿಯ ಭಾಗವನ್ನೇ ಮೊದಲು ಪರಿಶೀಲಿಸಬಹುದು. 1788ರಲ್ಲಿ ಮೊದಲ ಹಡಗುಪಡೆಯೊಡನೆ ಗುಡ್‌ಹೋಪ್ ಭೂಶಿರದಿಂದ ಬಂದ ಕುದುರೆಗಳು ಏಳು ಮಾತ್ರ. ಅಷ್ಟು ಸಣ್ಣ ಮೊದಲಿನಿಂದ ಹೊರಟ ನಾಡಿಗೆ ವಂಶದ ಹಸಿವು ಸಹಜವಾಗಿಯೇ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಭಾರತದಿಂದ ಅಲ್ಲಿಗೆ ಹೋದ ಹೆಕ್ಟರ್ ಎಂಬ ಅರಬ್ಬಿ ಕುದುರೆಯ ಸಂತತಿ ಬಹುಕಾಲ ಪ್ರತಿಷ್ಠೆಯದೆನಿಸಿತ್ತು. ಆ ಕುದುರೆ ಒಮ್ಮೆ ಆರ್ಥರ್ ವೆಲ್ಲೆಸ್ಲಿಯದಾಗಿತ್ತೆಂಬ ಪ್ರತೀತಿಯೂ ಬೆಳೆಯಿತು. ವೆಲ್ಲೆಸ್ಲಿ 1799ರ ಬಳಿಕ ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸಿದವನಾದುದರಿಂದ ಕನ್ನಡಿಗರಿಗೆ ಈ ಮಾತು ಕುತೂಹಲಕರವಾಗಿ ತೋರುವುದು ಸಹಜ. ಆದರೆ ಪ್ರತೀತಿ ಪ್ರಮಾಣವಲ್ಲ. ಅರಸುಮನೆತನಗಳು ಚಂದ್ರನಿಂದಲೋ ಯದುವಿನಿಂದಲೋ ವಂಶವನ್ನು ಹಿಡಿದಂತೆ, ಹೊಸ ನಾಡಿನ ಕುದುರೆಗೂ ಒಬ್ಬ ಮಹಾಪುರುಷನ ಲಾಯ ಬೇಕಾಯಿತು. ನೆಲ ಬಿಟ್ಟು ಬಂದವರು ಮನೆ ಕಟ್ಟುವುದಕ್ಕೆ ಮೊದಲೇ ವಂಶಾವಳಿಯನ್ನು ಕಟ್ಟಿಕೊಳ್ಳುತ್ತಾರೆ. ಇದು ಆಸ್ಟ್ರೇಲಿಯಕ್ಕೆ ಮಾತ್ರ ಸಲ್ಲುವ ಮಾತಲ್ಲ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ 1791ರಲ್ಲಿಯೇ ತಳಿ ದಾಖಲೆಯ ಗ್ರಂಥ ಮೊದಲಾಗಿತ್ತು. ಆಸ್ಟ್ರೇಲಿಯದ ತಳಿಗ್ರಂಥದ ಮೊದಲ ಸಂಪುಟ 1878ರಲ್ಲಿ ಹೊರಬಂದಿತು. ಆ ಬಳಿಕ ಓಟದ ಕುದುರೆಯ ಪ್ರಶಸ್ತಿಕಾರನು ಮನಬಂದಂತೆ ಬರೆಯುವುದು ಕಠಿನವಾಯಿತು. ಶಾಸನಕವಿಗೆ ಇಂಥ ಅಂಕುಶವಿರಲಿಲ್ಲ.

ವರ್ಣನೆಯ ಭಾಗದಲ್ಲಿ ಎರಡು ಶಾಸ್ತ್ರಗಳ ಅಂತರ ಎದ್ದು ಕಾಣುತ್ತದೆ. ಶಾಲಿಹೋತ್ರ ಪರಂಪರೆಯ ಅಶ್ವಶಾಸ್ತ್ರಗಳು ಬಣ್ಣ, ಮೈಕಟ್ಟು, ನಡೆಗಳೊಡನೆ ಸುಳಿಗಳ ಶುಭಾಶುಭವನ್ನೂ ವಿಚಾರಿಸುತ್ತವೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಕುದುರೆ ಅರಸನ ವಿನೋದಕ್ಕೂ ಐಶ್ವರ್ಯಕ್ಕೂ ಅಂಗ. ಒಡೆಯನಿಗೆ ಕುದುರೆ ಏನನ್ನು ತರುತ್ತದೆಂಬುದು ಅಲ್ಲಿಯ ಪ್ರಶ್ನೆ. ಹಂಟರ್ ಕಣಿವೆಯ ಜಾಹೀರಾತು ಕೇಳುವ ಪ್ರಶ್ನೆ ಬೇರೆ: ಮರಿಗೆ ಏನು ಸಲ್ಲುತ್ತದೆ? ಆದುದರಿಂದ ಎಲುಬಿನ ದಪ್ಪ, ಸೌಮ್ಯಸ್ವಭಾವ, ತಪ್ಪದೆ ಮರಿ ಕೊಡುವ ಗುಣ ಇವುಗಳಿಗೆ ಅಲ್ಲಿ ಪ್ರಾಧಾನ್ಯ. ಎತ್ತರವನ್ನು ‘ಕೈ’ ಎಂಬ ನಾಲ್ಕು ಇಂಚಿನ ಮಾನದಲ್ಲಿ ಹೇಳಲಾಗುತ್ತದೆ. ಓಟದ ತಳಿ, ಬಂಡಿ ನೇಗಿಲುಗಳಿಗೆ ಒದಗುವ ಕ್ಲೈಡ್ಸ್‌ಡೇಲ್‌ನಂಥ ಭಾರದ ತಳಿ, ಇವೆರಡರ ವರ್ಣನೆಯ ಶೈಲಿಯೂ ಬೇರೆ. ಮೊದಲನೆಯದಕ್ಕೆ ವಂಶವೇ ಬಲ. ಎರಡನೆಯದಕ್ಕೆ ಕೃಷಿ ಪ್ರದರ್ಶನದ ಬಹುಮಾನವೇ ಬಲ.

ಆದರೆ ಈ ಬರಹಪ್ರಕಾರದ ನಿಜವಾದ ಸತ್ತ್ವವಿರುವುದು ವರ್ಣನೆಯಲ್ಲಲ್ಲ, ಷರತ್ತುಗಳಲ್ಲಿ. ಶುಲ್ಕವನ್ನು ಹಲವು ವೇಳೆ ಪೌಂಡಿನಲ್ಲಿ ಹೇಳದೆ ಇಪ್ಪತ್ತೊಂದು ಷಿಲಿಂಗಿನ ಗಿನಿಯಲ್ಲಿ ಹೇಳುವುದು ಘನತೆಯ ಲಕ್ಷಣ. ಅದರ ಮೇಲೆ ಕುದುರೆಯಾಳಿಗೆಂದು ಕೆಲವು ಷಿಲಿಂಗುಗಳು ಬೇರೆ. ಒಬ್ಬನೇ ಹಲವು ಹೆಣ್ಣುಕುದುರೆಗಳನ್ನು ತಂದರೆ ರಿಯಾಯಿತಿ. ಮೇವಿಗೆ ಇಂತಿಷ್ಟು ವಾರ ಉಚಿತ, ಮೀರಿದರೆ ವಾರಕ್ಕೆ ಇಂತಿಷ್ಟು. ಗರ್ಭ ನಿಲ್ಲದಿದ್ದರೆ ಮುಂದಿನ ಋತುವಿನಲ್ಲಿ ಮತ್ತೆ ಕರೆತರಬಹುದೆಂಬ ಭರವಸೆ ಕೆಲವು ಪ್ರಕಟಣೆಗಳಲ್ಲಿ ಮಾತ್ರ. ಎಲ್ಲಕ್ಕೂ ಮುಕ್ತಾಯವಾಗಿ, ತಕ್ಕ ಎಚ್ಚರಿಕೆ ವಹಿಸಲಾಗುವುದು, ಆದರೆ ಅಪಘಾತಕ್ಕಾಗಲಿ ತಪ್ಪಿಸಿಕೊಂಡು ಹೋಗುವುದಕ್ಕಾಗಲಿ ಹೊಣೆಯಿಲ್ಲ ಎಂಬ ಘೋಷಣೆ.

ಇದನ್ನು ಸಾಲಪತ್ರವೆಂದು ಓದಿದಾಗ ಅರ್ಥ ಸ್ಪಷ್ಟವಾಗುತ್ತದೆ. ಕುದುರೆಯ ಗರ್ಭಾವಧಿ ಸುಮಾರು ಹನ್ನೊಂದು ತಿಂಗಳು. ಮರಿ ಪಳಗಿ ಕೆಲಸಕ್ಕೆ ಬರಲು ಮತ್ತೆ ಮೂರು ನಾಲ್ಕು ವರ್ಷ. ಶುಲ್ಕವನ್ನಾದರೋ ಋತು ಮುಗಿಯುವ ವೇಳೆಗೆ ಸಲ್ಲಿಸಬೇಕು. ಅಂದರೆ ಒಕ್ಕಲಿಗನು ಇನ್ನೂ ಹುಟ್ಟದ ಮರಿಯ ಮೇಲೆ ಹಣ ಹೂಡುತ್ತಾನೆ. ನಷ್ಟದ ಬಹುಭಾಗ ಅವನದು, ಕೀರ್ತಿಯ ಬಹುಭಾಗ ಕುದುರೆಯ ಒಡೆಯನದು. ಕನ್ನಡದ ದಾನಶಾಸನವು ಕೊನೆಯಲ್ಲಿ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನು ವಿಧಿಸುತ್ತದೆ. ದಾನಿ ತನ್ನ ವಂಶವನ್ನೂ ಆ ಶಾಪಕ್ಕೆ ಒಳಪಡಿಸಿಕೊಳ್ಳುತ್ತಾನೆ. ಜಾಹೀರಾತಿನ ಕೊನೆಯ ಸಾಲು ಒಡೆಯನನ್ನು ಎಲ್ಲ ಹೊಣೆಯಿಂದಲೂ ಬಿಡಿಸುತ್ತದೆ. ಎರಡು ನಾಗರಿಕತೆಗಳ ಅಂತರವನ್ನು ಅಳೆಯಲು ಈ ಎರಡು ಮುಕ್ತಾಯಗಳೇ ಸಾಕು.

ಪ್ರಶಸ್ತಿಯ ಮಾತಿಗಿಂತ ಮೌನವೂ ಕಡಿಮೆ ಮುಖ್ಯವಲ್ಲ. ಊರಿಂದೂರಿಗೆ ಕುದುರೆಯನ್ನು ನಡೆಸಿಕೊಂಡು ಹೋಗುವ ಆಳಿನ ಶುಲ್ಕ ಅಚ್ಚಾಗುತ್ತದೆ. ಅವನ ಹೆಸರು ಕಾಣುವುದು ಅಪರೂಪ. ಗರ್ಭ ಹೊರುವ ಹೆಣ್ಣುಕುದುರೆ ಬರಿಯ ಎಣಿಕೆಯ ಘಟಕ. ವಾರವಾರವೂ ಸಾರುವ ಆ ಹುಲ್ಲುಗಾವಲು ಹಿಂದೆ ವೊನ್ನರುವಾ ಜನರ ನೆಲವಾಗಿತ್ತೆಂಬುದರ ಸುಳಿವೂ ಇಲ್ಲ. ಕುದುರೆಗೆ ಐದು ತಲೆಮಾರಿನ ವಂಶವನ್ನು ಹುಡುಕಿಕೊಟ್ಟ ಲೇಖನಿ, ಸಾವಿರಾರು ವರ್ಷಗಳಿಂದ ಅಲ್ಲಿ ಬಾಳಿದವರ ವಂಶಕ್ಕೆ ಒಂದು ಪಂಕ್ತಿಯನ್ನೂ ಮೀಸಲಿಡಲಿಲ್ಲ.

ಈ ಕಾರಣದಿಂದ ಇವನ್ನು ಇತಿಹಾಸದ ಆಧಾರವಾಗಿ ಬಳಸುವವರು ಎಚ್ಚರ ವಹಿಸಬೇಕು. ಒಂದೇ ಪ್ರಕಟಣೆ ವಾರಗಟ್ಟಲೆ ಮರುಮುದ್ರಣವಾಗುವುದರಿಂದ ಜಾಹೀರಾತಿನ ಸಂಖ್ಯೆ ಕುದುರೆಯ ಸಂಖ್ಯೆಯಾಗದು. ಯಾವ ಕುದುರೆಯನ್ನು ನಿಲ್ಲಿಸಲಾಗಿತ್ತೆಂಬುದನ್ನು ಅವು ಹೇಳುತ್ತವೆ. ಎಷ್ಟು ಹೆಣ್ಣುಕುದುರೆಗಳು ಬಂದುವು, ಎಷ್ಟು ಮರಿಗಳು ಉಳಿದುವು ಎಂಬುದನ್ನು ಹೇಳವು. ದೋಷವಿಲ್ಲದ ಕುದುರೆ ಎಂಬ ಒಡೆಯನ ಮಾತು ಎಲ್ಲ ಕಡೆಯೂ ನಂಬಿಕೆಗೆ ಸಾಲದಾಯಿತೆಂಬುದಕ್ಕೆ ಬ್ರಿಟನ್ನಿನಲ್ಲಿಯೇ ನಿದರ್ಶನವಿದೆ: ಅಲ್ಲಿ ಬೀಜದ ಕುದುರೆಗೆ ಪರವಾನಗಿಯನ್ನು ಕಡ್ಡಾಯಗೊಳಿಸುವ ಶಾಸನ 1918ರಲ್ಲಿ ಬಂದಿತು. ಪ್ರಶಸ್ತಿಯನ್ನು ಪ್ರಶಸ್ತಿಯೆಂದೇ ಓದಬೇಕು. ಗಂಗ, ಹೊಯ್ಸಳ ಅರಸರ ದಿಗ್ವಿಜಯಗಳನ್ನು ಶಾಸನದ ವಿಶೇಷಣಗಳಿಂದಲೇ ಎಣಿಸುವ ವಿದ್ವಾಂಸರಿಗೂ ಈ ಎಚ್ಚರ ಸಲ್ಲುತ್ತದೆ.

ಈ ವ್ಯವಹಾರದ ಫಲ ಭಾರತಕ್ಕೂ ತಲುಪಿತು. ವಿಜಯನಗರದ ಅರಸರು ಕಡಲಾಚೆಯ ಕುದುರೆಗಾಗಿ ಹೇರಳ ಹಣ ತೆತ್ತುದು ಪ್ರಸಿದ್ಧ. ಹತ್ತೊಂಬತ್ತನೆಯ ಶತಮಾನದಲ್ಲಿ ಕಂಪನಿಯ, ತರುವಾಯ ಬ್ರಿಟಿಷ್ ಸರಕಾರದ ಸೈನ್ಯವು ಅದೇ ಕೊರತೆಯನ್ನು ನ್ಯೂ ಸೌತ್ ವೇಲ್ಸ್‌ನಿಂದ ತುಂಬಿಕೊಂಡಿತು. ಆ ನಾಡಿನ ಹೆಸರಿನಿಂದಲೇ ಆ ಕುದುರೆಗೆ ‘ವೇಲರ್’ ಎಂಬ ಹೆಸರು ಭಾರತದಲ್ಲಿ ಬಿದ್ದಿತು. ಮೊದಲ ಮಹಾಯುದ್ಧಕ್ಕೆ ಆಸ್ಟ್ರೇಲಿಯದಿಂದ 1,30,000ಕ್ಕೂ ಮಿಕ್ಕಿ ಕುದುರೆಗಳು ಹೊರಟುವು. ಮೈಸೂರು ಲ್ಯಾನ್ಸರ್ಸ್ ದಳವು 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕೀರ್ತಿ ಗಳಿಸಿದ ಪ್ಯಾಲೆಸ್ಟೈನ್ ದಂಡಯಾತ್ರೆಯಲ್ಲಿಯೇ ಆಸ್ಟ್ರೇಲಿಯದ ರಾವುತರೂ ವೇಲರ್‌ಗಳನ್ನೇರಿ ಹೋರಾಡಿದರು. ಹೋದ ಕುದುರೆಗಳಲ್ಲಿ ತಾಯ್ನಾಡಿಗೆ ಮರಳಿದುದು ಸ್ಯಾಂಡಿ ಎಂಬುದೊಂದೇ. ಮರಿಯ ಭವಿಷ್ಯವನ್ನು ಅಷ್ಟು ಬಣ್ಣಿಸಿದ ಜಾಹೀರಾತುಗಳು ಈ ಭವಿಷ್ಯವನ್ನು ಹೇಳುವಂತಿರಲಿಲ್ಲ.

ಕನ್ನಡದಲ್ಲಿ ಪ್ರಾಣಿಗೆ ಸಂದ ಪ್ರಶಸ್ತಿಗಳಲ್ಲಿ ಆತಕೂರಿನ ಕಲ್ಲು ಸುಪ್ರಸಿದ್ಧ. ಹತ್ತನೆಯ ಶತಮಾನದ ಆ ಶಾಸನದ ಕಾಳಿ ಎಂಬ ನಾಯಿಗೆ ವಂಶಾವಳಿಯಿಲ್ಲ, ಶುಲ್ಕವಿಲ್ಲ. ಮಣಲೇರನು ಅದನ್ನು ಬೂತುಗನಿಂದ ಮೆಚ್ಚಾಗಿ ಬೇಡಿ ಪಡೆದನೆಂಬುದೂ ಅದು ಹಂದಿಯೊಡನೆ ಹೋರಾಡಿ ಮಡಿಯಿತೆಂಬುದೂ ಅದರ ಚರಿತ್ರೆ. ಆ ಕಲ್ಲಿಗೆ ಭೂಮಿಯನ್ನು ಬಿಡಲಾಯಿತು. ಒಂದು ಪ್ರಶಸ್ತಿ ಆಗಿಹೋದ ಕಾರ್ಯಕ್ಕೆ ಸಂದ ಋಣ. ಇನ್ನೊಂದು ಆಗಲಿರುವ ಲಾಭಕ್ಕೆ ಕೊಟ್ಟ ಆಶ್ವಾಸನೆ. ಹಂಟರ್ ಕಣಿವೆಯ ಪ್ರಕಟಣೆಗಳು ತಮ್ಮ ಬಗೆಯಲ್ಲಿ ಅಚ್ಚುಕಟ್ಟಾದ, ಜೀವಂತವಾದ ಬರಹಗಳೆಂಬುದು ನಿರ್ವಿವಾದ. ಆದರೆ ಅವುಗಳ ಮೌಲ್ಯನಿರ್ಣಯವನ್ನು ಮೇಲಿನ ದಪ್ಪ ಅಕ್ಷರಗಳಿಂದ ತೊಡಗದೆ, ಕೆಳಗಿನ ಸಣ್ಣ ಅಕ್ಷರಗಳಿಂದ ತೊಡಗುವುದೇ ನ್ಯಾಯವಾದ ಕ್ರಮ.